ಡಬ್ಬಿಯೊಳಗಿನ ಕೂಗು

ಸತ್ತ ತಮ್ಮನ ಧ್ವನಿ ದಿನಾ ಬೆಳಿಗ್ಗೆ ನಮ್ಮ ಓಣಿಯಿಂದ ಹೊರಟು ಸಂಜೆ ನಮ್ಮ ಓಣಿಗೇ ಮರಳಿ ಬರುತ್ತಿತ್ತು. ಹೀಗೆ ಬರೆದರೆ ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಕೆಟ್ಟಿಲ್ಲ. ರಾಣೆಬೆನ್ನೂರಿನಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ ಇದೆ. ಮದುವೆ, ಮುಂಜಿವೆ, ಮೀಟಿಂಗು ಎಲ್ಲದಕ್ಕೂ ಬಾಕ್ಸು ಬಾಡಿಗೆಗೆ ಕೊಡುತ್ತೇನೆ. ತಳ್ಳುಗಾಡಿಯವರಿಗೆ, ಮೂರು ಗಾಲಿಯ ಟಂಟಂ ಗಾಡಿಯವರಿಗೆ ಅವರದೇ ಧ್ವನಿಯಲ್ಲಿ ಕೂಗು ರೆಕಾರ್ಡ್ ಮಾಡಿ ಗಾಡಿಯ ಮೇಲಿನ ಸ್ಪೀಕರ್ ಡಬ್ಬಿಗೆ ಹಾಕಿ ಕೊಡುತ್ತೇನೆ. ಒಮ್ಮೆ ಕೂಗಿದರೆ ಸಾಕು, ಆಮೇಲೆ ದಿನವಿಡೀ ಡಬ್ಬಿ ಕೂಗಿಕೊಳ್ಳುತ್ತದೆ, ಮನುಷ್ಯನ ಗಂಟಲು ಉಳಿಯುತ್ತದೆ. ತಮ್ಮನದು ಬೆಳ್ಳುಳ್ಳಿ, ಉಳ್ಳಾಗಡ್ಡಿ ಮಾರುವ ಟಂಟಂ. ಅವನ ಕೂಗನ್ನು ರೆಕಾರ್ಡ್ ಮಾಡಿದವನೂ ನಾನೇ.

“ಬರ್ರಿ ಅಕ್ಕಾರ, ಬರ್ರಿ ಅವ್ವಾರ! ಜವಾರಿ ಬಳ್ಳೊಳ್ಳಿ ಬಂದೈತಿ, ಉಳ್ಳಾಗಡ್ಡಿ ಬಂದೈತಿ! ಲಗೂ ಬರ್ರಿ, ಆಮ್ಯಾಲ ಹೋದಾ ಅನಬ್ಯಾಡ್ರಿ!”

ಅವತ್ತು ಅವನು ಬ್ಯಾಡಗಿಯಿಂದ ಯಾರದೋ ಮೆಣಸಿನಕಾಯಿ ಚೀಲ ಹೇರಿಕೊಂಡು ಬಂದು ಇಳಿಸಿ, ಸೀದಾ ನನ್ನ ಅಂಗಡಿಗೆ ಬಂದಿದ್ದ. ಅಂಗಿಯೆಲ್ಲ ಘಾಟು. ಬಳ್ಳೊಳ್ಳಿ ಮುಗಿದು ಉಳ್ಳಾಗಡ್ಡಿ ಶುರುವಾಗುವ ನಡುವೆ ಸರಿಯಾಗಿ ಒಂದು ಕೆಮ್ಮು ಕೆಮ್ಮಿದ. “ಇನ್ನೊಮ್ಮೆ ಕೂಗಲೇ, ಕೆಮ್ಮು ಬಂದೈತಿ” ಎಂದೆ. “ಇರಲಿ ಬಿಡಣ್ಣಾ, ಒಳಗ ಮನಷ್ಯಾ ಅದಾನ ಅನ್ನೂದಾದ್ರೂ ಗೊತ್ತಾಗ್ತದ” ಎಂದು ನಕ್ಕ. ನನಗೂ ಗಿರಾಕಿ ಕಾಯುತ್ತಿದ್ದರು, ಹಾಗೇ ಹಾಕಿಕೊಟ್ಟೆ. ಆ ಕೆಮ್ಮು ಅವನು ಹೋದ ಮೇಲೂ ಎರಡು ವರ್ಷ ನಮ್ಮ ಜಿಲ್ಲೆಯ ಓಣಿಗಳಲ್ಲಿ ಕೆಮ್ಮಿತು.

ಅವನು ಎದೆನೋವು ಎಂದು ಕಟ್ಟೆಯ ಮೇಲೆ ಕೂತವನು ಏಳಲೇ ಇಲ್ಲ. ಆಸ್ಪತ್ರೆಗೆ ಒಯ್ಯುವಷ್ಟೂ ಪುರುಸೊತ್ತು ಕೊಡಲಿಲ್ಲ. ಅವ್ವನ ನೆನಪು ಅಷ್ಟೊತ್ತಿಗಾಗಲೇ ಸೋರತೊಡಗಿತ್ತು. ಮಗನ ಹೆಣದ ಮುಂದೆ ಕೂತು ನನ್ನ ಹೆಂಡತಿಯನ್ನು, “ಯಾರ ಮನ್ಯಾಗ ಸತ್ತಾರವಾ? ಪಾಪ, ಸಣ್ಣ ವಯಸ್ಸು ಕಾಣ್ತೈತಿ” ಎಂದು ಕೇಳಿದಳು. ಅವಳಿಗೆ ಹೇಳಿದೆವು. ಹೇಳಿದ್ದು ಒಳಗೆ ಇಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಮೂರನೆಯ ದಿನ, ಬಿಸಿಲಿಗೆ ನಿಂತಿದ್ದ ಗಾಡಿಯನ್ನು ನೆರಳಿಗೆ ಸರಿಸೋಣವೆಂದು ಪಕ್ಕದ ಮನೆಯವರು ಚಾವಿ ತಿರುಗಿಸಿದರು. ಡಬ್ಬಿಯ ಸ್ವಿಚ್ಚು ಅವನು ಹಾಕಿಟ್ಟಂತೆಯೇ ಇತ್ತು. ಬರ್ರಿ ಅಕ್ಕಾರ ಎಂದು ಕೂಗಿಬಿಟ್ಟಿತು. ಮನೆಯಲ್ಲಿದ್ದವರೆಲ್ಲ ಕೂತಲ್ಲೇ ಕಲ್ಲಾದೆವು. ಅವ್ವ ಮಾತ್ರ ಹೊರಸಿನಿಂದ ಎದ್ದಳು. ತಂಬಿಗೆ ನೀರು ತುಂಬಿಕೊಂಡು ಬಾಗಿಲಿಗೆ ಹೋದಳು. “ಬಂದ ನನ್ನ ಮಗ” ಎಂದಳು. ಎಷ್ಟು ತಿಂಗಳ ಮೇಲೆ ಅವಳ ಮುಖದಲ್ಲಿ ನಗು ನೋಡಿದ್ದೆವೋ ಏನೋ.

ಅಲ್ಲಿಂದ ಅದೇ ಪರಿಪಾಠವಾಯಿತು. ತಮ್ಮನಿಗೆ ಮಕ್ಕಳಿರಲಿಲ್ಲ. ಅವನ ಹೆಂಡತಿ, ಹಿಂದೆ ಅವನ ಮಗ್ಗುಲಲ್ಲಿ ಕೂತು ತಕ್ಕಡಿ ಹಿಡಿಯುತ್ತಿದ್ದವಳು, ಈಗ ತಾನೇ ಗಾಡಿ ಹೊಡೆಯುವುದನ್ನು ಕಲಿತಳು. ನಮ್ಮ ಮನೆಗೆ ಹತ್ತಿಕೊಂಡೇ ಅವಳ ಮನೆ. ಒಂದು ದಿನ ಮೇಡ್ಲೇರಿ, ಒಂದು ದಿನ ಬ್ಯಾಡಗಿ, ಒಂದು ದಿನ ಕಾಗಿನೆಲೆ, ಸಂತೆ ದಿನ ಹಾವೇರಿ. ಕೂಗು ಮಾತ್ರ ತಮ್ಮನದೇ ಉಳಿಯಿತು. ಸಂಜೆ ಗಾಡಿ ಓಣಿಗೆ ತಿರುಗುವ ಮೊದಲೇ ಅವ್ವನ ಕಿವಿ ನೆಟ್ಟಗಾಗುತ್ತಿತ್ತು. ನೀರು ಹಿಡಿದು ಕಟ್ಟೆಗೆ ಬಂದು ನಿಲ್ಲುತ್ತಿದ್ದಳು. ಗಾಡಿ ನಿಂತು ಸೊಸೆ ಒಬ್ಬಳೇ ಇಳಿದರೆ, ಅವಳ ಹೆಗಲ ಮೇಲಿಂದ ಗಾಡಿಯೊಳಗೆ ಇಣುಕಿ ನೋಡಿ ಕೇಳುತ್ತಿದ್ದಳು:

“ಅಂವಾ ಎಲ್ಲಿ?”

“ಹಿಂದ ಬರಾಕತ್ತಾರ್ರಿ ಅತ್ತಿ.”

ಈ ಉತ್ತರವನ್ನು ಅವಳಿಗೆ ಕಲಿಸಿದವರು ನಾವೇ, ಮನೆಯವರೆಲ್ಲ ಸೇರಿ. ಅವ್ವ ಹೂಂ ಎಂದು ತಲೆಯಾಡಿಸಿ ಕಾಯುತ್ತ ಕೂರುತ್ತಿದ್ದಳು. ಉಣ್ಣುವ ಹೊತ್ತಿಗೆ ಮರೆತುಹೋಗುತ್ತಿತ್ತು. ಮರುದಿನ ಮತ್ತೆ ಹೊಸದಾಗಿ ಕೂಗು, ಹೊಸದಾಗಿ ನೀರು, ಹೊಸದಾಗಿ ಅದೇ ಪ್ರಶ್ನೆ.

ನನಗೂ ಆ ಧ್ವನಿ ಎಲ್ಲೆಲ್ಲೋ ಎದುರಾಗುತ್ತಿತ್ತು. ಒಮ್ಮೆ ಬ್ಯಾಡಗಿಯ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಸಭೆಗೆ ಬಾಕ್ಸು ಜೋಡಿಸುತ್ತಿದ್ದೆ. ಸುತ್ತ ಮೆಣಸಿನಕಾಯಿ ರಾಶಿ, ಹಮಾಲರ ಗದ್ದಲ. ಆ ಗದ್ದಲದ ಆಚೆ ಯಾವುದೋ ಓಣಿಯಿಂದ ತಮ್ಮ ಕೂಗಿದ, ಕೆಮ್ಮಿದ, ದೂರವಾದ. ಡಬ್ಬಿಯೇ ಎಂದು ಗೊತ್ತಿದ್ದೂ, ಕೈಯಲ್ಲಿದ್ದ ವೈರು ಬಿಟ್ಟು ಗೇಟಿನವರೆಗೂ ಓಡಿ ಹೋಗಿದ್ದೆ ಅಂದರೆ ನಂಬುತ್ತೀರಾ? ತಮ್ಮನ ಮಣ್ಣಿಗೆ ಬಂದು ಹೋಗಿದ್ದ ಮೇಡ್ಲೇರಿಯ ಒಬ್ಬ ಅಜ್ಜಿ, ಕೂಗು ಕೇಳಿ ಚೀಲ ಹಿಡಿದು ಬಾಗಿಲಿಗೆ ಬಂದವಳು, ನೆನಪಾಗಿ ಚೀಲ ಅಲ್ಲೇ ಬಿಸಾಕಿ ಒಳಗೆ ಓಡಿ ಅಗಳಿ ಹಾಕಿಕೊಂಡಳಂತೆ. ಇದನ್ನು ಹೇಳುವಾಗ ತಮ್ಮನ ಹೆಂಡತಿ ನಕ್ಕಳು. ನಗುತ್ತ ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು.

ಅವನು ಹೋಗಿ ಎರಡು ವರ್ಷವಾದ ಬೇಸಿಗೆಯಲ್ಲಿ ಒಂದು ದಿನ ಅವಳು ನನ್ನ ಅಂಗಡಿಗೆ ಬಂದಳು. ಅಂಗಡಿಗೆ ಬರುವವಳಲ್ಲ. ಕುಂದುರು ಎಂದರೂ ಕೂರಲಿಲ್ಲ.

“ಭಾವಾರ, ಆ ಕೂಗು ತೆಗದುಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಯಾಕ? ಏನಾತು?”

“ದಿನಾ ಹೊತ್ತ ಹೊಂಟ್ರ ಹೊತ್ತ ಮುಣಗೂತನಕ ನನ್ನ ತಲಿಮ್ಯಾಲೆ ಕುಂತು ಕೂಗ್ತಾರ್ರಿ ಅವರು. ನಾ ಏನರ ಅಂದ್ರ ಕೇಳಂಗಿಲ್ಲ. ಸಂಜಿಕ ಬಂದು ಅತ್ತಿ ಮುಂದ, ಹಿಂದ ಬರಾಕತ್ತಾರ ಅನಬೇಕು. ದಿನಾ ಅನಬೇಕು. ನನಗ ಅಳಾಕೂ ಜಾಗಾ ಇಲ್ರಿ ಆ ಮನ್ಯಾಗ.”

ಕನಿಕರ ಬರಲಿಲ್ಲವೆ? ಬಂತು. ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು. ಹೆದರಿಕೆಯಾದಾಗ ನನಗೆ ಸಿಟ್ಟೇ ಮೊದಲು ಬರುವುದು. “ಅವ್ವ ಆ ಧ್ವನಿ ಮ್ಯಾಲೆ ಜೀವಾ ಹಿಡಕೊಂಡಾಳ. ತೆಗದ್ರ ಒಂದು ವಾರ ಉಳಿಯಂಗಿಲ್ಲ. ಆ ಪಾಪ ನೀ ಹೊರ್ತೀ?” ಎಂದುಬಿಟ್ಟೆ. ಅವಳು ತಲೆ ತಗ್ಗಿಸಿಕೊಂಡು ಹೋದಳು. ಸ್ವಿಚ್ಚು ಒತ್ತಿ ನಿಲ್ಲಿಸುವುದು ಅವಳ ಕೈಯಲ್ಲೇ ಇತ್ತಲ್ಲ ಎಂದು ನೀವು ಕೇಳಬಹುದು. ಮನೆಯ ಹಿರಿಯ ಬೇಡ ಎಂದಮೇಲೆ, ಅತ್ತೆಯ ಜೀವದ ಮಾತು ಬಂದಮೇಲೆ, ಯಾವ ಸೊಸೆ ಒತ್ತುತ್ತಾಳೆ?

ನನ್ನ ಹೆಂಡತಿ ಈ ಮಾತಿನಲ್ಲಿ ಯಾರ ಪರವೂ ವಹಿಸಲಿಲ್ಲ. ಅವಳು ಪ್ರಾಥಮಿಕ ಶಾಲೆಯ ಮೇಡಂ, ಜೊತೆಗೆ ಹಕ್ಕಿಯ ಹುಚ್ಚಿನವಳು. ಭಾನುವಾರ ಬೆಳಗಾದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ಊರಾಚೆಯ ಕೃಷ್ಣಮೃಗದ ಕಾವಲಿಗೋ ಮೇಡ್ಲೇರಿಯ ಹೊಳೆದಂಡೆಗೋ ಹೊರಟಳೆಂದರೆ ನನಗೆ ಚಹಾ ಕೂಡ ಗತಿಯಿಲ್ಲ. ಬೇಸಿಗೆ ರಜೆಯಲ್ಲಿ ಅವಳ ಹಕ್ಕಿ ಬಳಗದವರು ಅಂಡಮಾನಿಗೆ ಹೊರಟಿದ್ದರು. ಅವಳು ನನ್ನನ್ನು ಕೇಳದೆಯೇ ನನ್ನ ಹೆಸರನ್ನೂ ಸೇರಿಸಿಬಿಟ್ಟಿದ್ದಳು.

“ಆ ದ್ವೀಪದಾಗ ಇರೋ ಹಕ್ಕಿ ಜಗತ್ತಿನ್ಯಾಗ ಮತ್ತೆಲ್ಲೂ ಇಲ್ರಿ. ಅಲ್ಲೇ ಹುಟ್ಟಿ ಅಲ್ಲೇ ಸಾಯ್ತಾವು” ಎಂದಳು.

“ನಾನೂ ರಾಣೆಬೆನ್ನೂರಾಗ ಹುಟ್ಟಿ ರಾಣೆಬೆನ್ನೂರಾಗ ಸಾಯಾಂವ. ನನ್ನ ನೋಡಾಕ ಯಾರರ ಟಿಕೆಟ್ ತಗದು ಬಂದಾರನ?”

“ನಿಮ್ಮ ಕೂಗು ಚಂದಿಲ್ಲ, ಅದಕ್ಕ” ಎಂದು ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಅವ್ವನ ಜವಾಬ್ದಾರಿ ತಮ್ಮನ ಹೆಂಡತಿಯ ಮೇಲೆ ಬಿತ್ತು. ಹೊರಡುವ ದಿನವೂ ಅವಳು ನನ್ನೊಡನೆ ಮಾತಾಡಲಿಲ್ಲ, ಬುತ್ತಿ ಮಾತ್ರ ಕಟ್ಟಿಕೊಟ್ಟಳು.

ಪೋರ್ಟ್ ಬ್ಲೇರಿನಲ್ಲಿ ಇಳಿದಾಗ ಮೈಗೆ ಒದ್ದೆ ಕಂಬಳಿ ಸುತ್ತಿದಂತಾಯಿತು. ನಮ್ಮ ಕಡೆಯದು ಒಣ ಬಿಸಿಲು, ಬೆವರು ಬಂದರೂ ಆರುತ್ತದೆ. ಅಲ್ಲಿ ಬೆವರು ಮೈಮೇಲೆ ಮನೆ ಮಾಡಿಕೊಂಡು ಕೂರುತ್ತದೆ. ನಮ್ಮ ಗೈಡ್ ನಲವತ್ತು ದಾಟಿದ ಒಬ್ಬ ಹೆಣ್ಣುಮಗಳು, ಅಲ್ಲೇ ಹುಟ್ಟಿ ಬೆಳೆದವಳು. ಚುರುಕು ಕಾಲು, ಚುರುಕು ನಾಲಿಗೆ. ಅವಳದು ಹಿಂದಿ. ನನ್ನದು ರಾಣೆಬೆನ್ನೂರು ಪೇಟೆಯ ಹಿಂದಿ, ಅರ್ಧ ಉರ್ದು, ಅರ್ಧ ಕೈಸನ್ನೆ. ಹೇಗೋ ನಡೆಯಿತು. ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ಎರಡು ದಿನ ನಸುಕಿನಲ್ಲೇ ಎಬ್ಬಿಸಿ ಕಾಡಿಗೆ ನಡೆಸಿದಳು. ಮೈಯೆಲ್ಲ ಕಪ್ಪಾಗಿ ತಲೆಗೆ ಕೆಂಪು ಜುಟ್ಟಿನ ಮರಕುಟಿಗ ಸಿಕ್ಕಿತು. ನಮ್ಮ ಹೊಲದ ಬದುವಿನ ಕೆಂಬೂತವನ್ನೇ ಮಾಸಲು ಬಣ್ಣದಲ್ಲಿ ಅದ್ದಿ ತೆಗೆದಂಥ ಒಂದು ಹಕ್ಕಿ ಸಿಕ್ಕಿತು. ಬಳಗದವರು ಒಂದೊಂದಕ್ಕೂ ಹಬ್ಬ ಮಾಡಿದರು. ನನಗೆ ಆ ಮರಗಳ ಎತ್ತರವೇ ಸಾಕಾಗಿ, ಕತ್ತು ನೋವು ಬಂತು. ಆದರೆ ಕಾಡಿನಲ್ಲಿ ಕಿವಿಗೆ ಬಿಡುವು ಸಿಕ್ಕಿತ್ತು. ಒಂದು ಹಾರ್ನ್ ಇಲ್ಲ, ಒಂದು ಮೈಕಿಲ್ಲ. ಆ ಬಿಡುವೇ ನನಗೆ ಕೆಟ್ಟದ್ದಾಯಿತು. ಸದ್ದಿಲ್ಲದ ಕಡೆ ಕೂತರೆ ಸಾಕು, ಎಲೆಗಳ ಆಚೆಯಿಂದ ತಮ್ಮ ಕೂಗುತ್ತಿದ್ದ. ಸಮುದ್ರದ ಸಪ್ಪಳದ ಕೆಳಗೆ ಕೂಡ ಅವನ ಕೆಮ್ಮು ಕೇಳುತ್ತಿತ್ತು. ಹೆಂಡತಿಗೆ ಹೇಳಲಿಲ್ಲ. ಅವಳು ನನ್ನ ಮುಖ ನೋಡಿ, “ಎಲ್ಲಿ ಹೋಗೀರಿ?” ಎಂದು ಕೇಳಿದಾಗ, “ಇಲ್ಲೇ ಅದೀನಲ್ಲ” ಎಂದೆ.

ಹೆಂಡತಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಒಂದೇ ಹಕ್ಕಿ, ಶಾಮ. ನಮ್ಮ ಹಿತ್ತಲಿಗೆ ಬರುವ ಮಡಿವಾಳ ಹಕ್ಕಿಯ ದಾಯಾದಿ. ಬೆನ್ನು ಕಡುಗಪ್ಪು, ಹೊಟ್ಟೆ ಕೆಂಚು, ಬಾಲ ಉದ್ದ. ಅದರಲ್ಲೂ ಆ ದ್ವೀಪದ ಶಾಮ ಬೇರೆಯೇ, ಅದರ ಹೊಟ್ಟೆ ಬಿಳಿ ಅಂತೆ. ಹಾಡು ಕೇಳುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಪೊದೆಯೊಳಗಿನ ಜೀವಿ. ಗೈಡಿನ ಹತ್ತಿರ ಅಂಗೈಯಷ್ಟು ಒಂದು ಸ್ಪೀಕರ್ ಇತ್ತು. ಒಳಗೆ ಮೆಮೊರಿ ಕಾರ್ಡು, ಅದರೊಳಗೆ ಹಕ್ಕಿಗಳ ಹಾಡು. ಅದನ್ನು ನುಡಿಸಿದರೆ ಹಕ್ಕಿ ಹತ್ತಿರ ಬರುತ್ತದೆ. ಅದನ್ನು ನೋಡಿ ನನಗೆ ಮೊದಲ ಸಲ ಈ ಪ್ರವಾಸದಲ್ಲಿ ಆಸಕ್ತಿ ಹುಟ್ಟಿತು. ನಮ್ಮ ಅಂಗಡಿಯದೇ ಕಸುಬಲ್ಲವೆ ಇದು! ಮೂರನೆಯ ದಿನ ಬೆಳಿಗ್ಗೆ ಅದರ ಗುಂಡಿ ಒತ್ತಿದ್ದು ಒತ್ತಿದಂತೆಯೇ ಸಿಕ್ಕಿಕೊಂಡಿತ್ತು. ನಾನು ಪಿನ್ನು ತೂರಿಸಿ ಎಬ್ಬಿಸಿ ಕೊಟ್ಟೆ. “ಉಸ್ತಾದ್!” ಎಂದು ಗೈಡ್ ಹೊಗಳಿದಳು. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಅವತ್ತು ಚಿಡಿಯಾ ಟಾಪುವಿನ ಕಾಡುದಾರಿಯಲ್ಲಿ ಅವಳು ಶಾಮದ ಹಾಡನ್ನು ಮೆಲ್ಲಗೆ, ತೀರಾ ಮೆಲ್ಲಗೆ, ಎರಡು ಸಲ ನುಡಿಸಿ ನಿಲ್ಲಿಸಿದಳು. ದೂರದ ಪೊದೆಯಿಂದ ಉತ್ತರ ಬಂತು. ಹಕ್ಕಿ ಬರಲಿಲ್ಲ. “ಇನ್ನೊಮ್ಮೆ ಹಚ್ಚಿ” ಎಂದು ಬಳಗದವರು ಗೋಗರೆದರು. ಅವಳು ಒಪ್ಪಲಿಲ್ಲ. ಇದು ಮರಿ ಮಾಡುವ ಕಾಲ, ಸಾಕು, ಮುಂದೆ ಹೋಗಿ ಬರೋಣ, ಅದಾಗಿಯೇ ಬಂದರೆ ಬರಲಿ ಎಂದಳು. ನನ್ನ ಮೊಣಕಾಲು ನೋಯುತ್ತಿತ್ತು, ಒಂದು ಬಿದ್ದ ಮರದ ಮೇಲೆ ಕೂತುಬಿಟ್ಟೆ. ಸ್ಪೀಕರು ಇದ್ದ ಅವಳ ಚೀಲವನ್ನು ನನ್ನ ಹತ್ತಿರವೇ ಬಿಟ್ಟು ಎಲ್ಲರೂ ತಿರುವಿನಾಚೆ ಹೋದರು. ಹೆಂಡತಿ ಎರಡು ಸಲ ಹಿಂದೆ ತಿರುಗಿ ಆ ಪೊದೆ ನೋಡಿದಳು. ಅಷ್ಟು ದೂರ ಬಂದು ಅವಳಿಗೆ ಅದು ಕಾಣಲಿಲ್ಲವಲ್ಲ ಎಂದು ನನಗೆ ಕೆಡುಕೆನಿಸಿತು.

ನಮ್ಮ ಕಸುಬಿನಲ್ಲಿ ಮೂರನೇ ಓಣಿಗೆ ಕೇಳದ ಧ್ವನಿ ಧ್ವನಿಯೇ ಅಲ್ಲ. ಒಂದೆರಡು ಸಲ ಕೂಗಿ ಬಾಯಿ ಮುಚ್ಚುವ ಗಾಡಿಗೆ ಯಾವ ಗಿರಾಕಿ ಬರುತ್ತಾನೆ? ಈ ಹೆಣ್ಣುಮಗಳಿಗೆ ಹಕ್ಕಿ ಗೊತ್ತು, ಧ್ವನಿ ಗೊತ್ತಿಲ್ಲ ಎಂದುಕೊಂಡೆ. ಸ್ಪೀಕರು ತೆಗೆದು ಮರದ ಬೊಡ್ಡೆಯ ಮೇಲಿಟ್ಟೆ. ಧ್ವನಿಯನ್ನು ತುದಿಯವರೆಗೂ ಏರಿಸಿದೆ. ಗಾಡಿಯ ಡಬ್ಬಿಗೆ ಮಾಡುವಂತೆಯೇ, ಮುಗಿದ ಕೂಡಲೇ ತಾನೇ ಮತ್ತೆ ಶುರುವಾಗುವ ಹಾಗೆ ಮಾಡಿದೆ.

ಹಕ್ಕಿ ಬಂತು. ಬಾಣದ ಹಾಗೆ ಬಂತು. ಎದುರಿನ ಬೆತ್ತದ ಬಳ್ಳಿಯ ಮೇಲೆ ಕೂತಿತು, ನನ್ನಿಂದ ಎರಡು ಮಾರು ದೂರ. ಬಾಯಲ್ಲಿ ಒಂದು ಹುಳು ಇತ್ತು, ಇನ್ನೂ ಹೊರಳಾಡುತ್ತಿತ್ತು. ಮರಿಗೆಂದು ಒಯ್ಯುತ್ತಿದ್ದದ್ದು. ಅದು ಸ್ಪೀಕರಿನ ಕಡೆ ನೋಡಿತು, ಮರದ ಹಿಂದೆ ನೋಡಿತು, ನನ್ನ ತಲೆಯ ಮೇಲಿಂದ ಹಾರಿ ಆಚೆ ಬದಿಗೆ ಹೋಗಿ ನೋಡಿತು. ಅಬ್ಬಾ, ಏನು ಚಂದ! ಹೆಂಡತಿಯನ್ನು ಕೂಗಿದೆ. ಕೇಳಿಸಿತೋ ಇಲ್ಲವೋ. ಅಷ್ಟರಲ್ಲಿ ಹಕ್ಕಿ ಹುಳುವನ್ನು ಕೆಳಗೆ ಬಿಟ್ಟು, ಕತ್ತು ಚಾಚಿ ಹಾಡತೊಡಗಿತು. ಡಬ್ಬಿ ನಿಲ್ಲಿಸಲಿಲ್ಲ, ಅದೂ ನಿಲ್ಲಿಸಲಿಲ್ಲ. ಪೊದೆಯೊಳಗಿಂದ ಅದರ ಜೋಡಿ ಟಿಕ್ ಟಿಕ್ ಎಂದು ಕರೆಯುತ್ತಿತ್ತು. ಅತ್ತ ತಿರುಗಿಯೂ ನೋಡಲಿಲ್ಲ. ಹಾಡುವುದು, ಹಾರುವುದು, ಸ್ಪೀಕರಿನ ಸುತ್ತ ಇಣುಕುವುದು, ಮತ್ತೆ ಹಾಡುವುದು. ರೆಕ್ಕೆ ನಡುಗುತ್ತಿದ್ದವು, ಕೊಕ್ಕು ತೆರೆದೇ ಇತ್ತು.

ಸಾಕು ಎಂದು ಗುಂಡಿ ಒತ್ತಿದೆ. ಗುಂಡಿ ಮತ್ತೆ ಸಿಕ್ಕಿಕೊಂಡಿತು. ಹಾಳಾದ್ದು, ಈಗ ಪಿನ್ನು ಇರಲಿಲ್ಲ, ಉಗುರು ಹಾಕಿ ಎಳೆದರೂ ಏಳಲಿಲ್ಲ. ಸ್ಪೀಕರನ್ನು ಉಡಿಯಲ್ಲಿ ಹಾಕಿಕೊಂಡು ಟವೆಲ್ ಮುಚ್ಚಿ ಅದರ ಮೇಲೆ ಬಗ್ಗಿ ಕೂತೆ. ಹೊಟ್ಟೆಯ ಕೆಳಗೆ ಅದು ಹಾಡುತ್ತಲೇ ಇತ್ತು. ಹಕ್ಕಿ ಇಳಿದು ಬಂದು ನನ್ನ ಬೂಟಿನ ಮೇಲೆ ಕೂತಿತು. ನನ್ನ ಭಯ ಅದಕ್ಕಿರಲಿಲ್ಲ, ಅದರ ಪಾಲಿಗೆ ನಾನು ಅಲ್ಲಿ ಇರಲೇ ಇಲ್ಲ. ಟವೆಲ್ಲಿನ ಕಡೆ ಕತ್ತು ಓರೆ ಮಾಡಿ ನೋಡಿತು. ಆ ನೋಟವನ್ನು ನಾನು ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಕಾಣುತ್ತಿದ್ದೆ. ಸೊಸೆಯ ಹೆಗಲ ಮೇಲಿಂದ ಖಾಲಿ ಗಾಡಿಯೊಳಗೆ ಇಣುಕುವಾಗ ಅವ್ವನ ಕತ್ತು ಹೀಗೇ ಓರೆಯಾಗುತ್ತಿತ್ತು. ಅಯ್ಯೋ ಶಿವನೇ ಎಂದು ಬಾಯಿಬಿಟ್ಟು ಕೂಗಿದೆ.

ಗೈಡ್ ಓಡಿ ಬಂದಳು. ಟವೆಲ್ ಕಿತ್ತು, ಸ್ಪೀಕರಿನ ಮೆಮೊರಿ ಕಾರ್ಡನ್ನೇ ಹೊರಗೆ ತೆಗೆದಳು. ಸದ್ದು ನಿಂತಿತು. ಹಕ್ಕಿ ಹೋಗಲಿಲ್ಲ. ಅದೇ ನನಗೆ ಇವತ್ತಿಗೂ ಮರೆಯಲಾಗದ್ದು. ಸದ್ದು ನಿಂತ ಮೇಲೂ ಅದು ಆ ಬಳ್ಳಿ ಈ ಬೊಡ್ಡೆ ಎಂದು ಹುಡುಕುತ್ತಲೇ ಇತ್ತು. ಹಾಡಿ, ಉತ್ತರಕ್ಕೆ ಕಾಯ್ದು, ಮತ್ತೆ ಹಾಡಿತು.

“ಎಷ್ಟು ಹೊತ್ತು ನುಡಿಸಿದಿರಿ?” ಎಂದು ಕೇಳಿದಳು. “ನಿಮಗೆ ಇದು ಆಟ. ತನ್ನ ಮನೆಗೆ ಇನ್ನೊಬ್ಬ ನುಗ್ಗಿದ್ದಾನೆ ಎಂದು ತಿಳಿದು ಬಂದಿದೆ ಅದು. ಇರುವವನಾದರೆ ಜಗಳಾಡಿ ಓಡಿಸುತ್ತಿತ್ತು, ಇಲ್ಲ ತಾನೇ ಸೋತು ಹೋಗುತ್ತಿತ್ತು, ಒಂದು ಮುಗಿತಾಯ ಇರುತ್ತಿತ್ತು. ಇಲ್ಲದವನ ಜೊತೆ ಅದು ಹೇಗೆ ಮುಗಿಸಬೇಕು? ಇವತ್ತೆಲ್ಲ ಇಲ್ಲೇ ಕಾಯುತ್ತದೆ. ಗೂಡಿನಲ್ಲಿರುವವು ಬಾಯಿ ತೆರೆದುಕೊಂಡು ಕೂತಿರುತ್ತವೆ.”

ಹೆಂಡತಿಯೂ ಬಂದಿದ್ದಳು. ಅವಳ ಕನಸಿನ ಹಕ್ಕಿ ಕೈಯಳತೆಯಲ್ಲಿ ಕೂತಿತ್ತು. ದುರ್ಬೀನು ಎತ್ತಲಿಲ್ಲ. ಗೈಡ್ ಎಲ್ಲರನ್ನೂ ಬೇಗ ಬೇಗ ಅಲ್ಲಿಂದ ಹೊರಡಿಸಿದಳು. ನಾನು ಕ್ಷಮೆ ಕೇಳಿದೆ. ಹಕ್ಕಿಯನ್ನು ಕೇಳಿ ಎಂದು ಮುಖ ತಿರುಗಿಸಿದಳು. ದಾರಿಯುದ್ದಕ್ಕೂ ಹಿಂದಿನಿಂದ ಆ ಹಾಡು ಕೇಳುತ್ತಿತ್ತು.

ಸಮುದ್ರದಂಡೆಗೆ ಬಂದ ಮೇಲೆ ಫೋನಿಗೆ ಸಿಗ್ನಲ್ ಸಿಕ್ಕಿತು. ತಮ್ಮನ ಹೆಂಡತಿಗೆ ಹಚ್ಚಿದೆ. ಎತ್ತಿದ ಕೂಡಲೇ ಮೊದಲು ಕೇಳಿದ್ದು ತಮ್ಮನ ಧ್ವನಿ. ಬರ್ರಿ ಅಕ್ಕಾರ, ಬರ್ರಿ ಅವ್ವಾರ. ಸಾವಿರ ಮೈಲಿ ಆಚೆ, ನೀರಿನ ನಡುವೆ ನಿಂತ ನನ್ನ ಕಿವಿಯೊಳಗೆ ಅವನು ಕೂಗಿದ, ಕೆಮ್ಮಿದ.

“ಹೇಳ್ರಿ ಭಾವಾರ, ಬ್ಯಾಡಗ್ಯಾಗ ಅದೀನ್ರಿ” ಎಂದಳು ಅವಳು.

“ಅದನ್ನ ಬಂದ್ ಮಾಡವಾ ಒಂದೀಟು.”

“ಗಿರಾಕಿ ಅದಾರ್ರಿ.”

“ಇರಲಿ. ಮಾಡು.”

ನಿಂತಿತು. “ನೀ ಹೇಳಿದ್ದು ಖರೇ ಐತಿ. ಅದನ್ನ ತೆಗದುಬಿಡೂಣು. ಊರಿಗೆ ಬಂದ ಕೂಡ್ಲೆ ತೆಗೀತೀನಿ” ಎಂದೆ. “ಅತ್ತಿ ಕೇಳಿದ್ರ?” ಎಂದಳು. “ನಾ ಹೇಳ್ತೀನಿ. ನೀ ಒಬ್ಬಾಕಿನ ಹೇಳಬ್ಯಾಡ, ನಾ ಬರೂತನಕ ಹಂಗ ನಡೀಲಿ” ಎಂದೆ. ಆ ಕಡೆಯಿಂದ ಮತ್ತೆ ಸ್ವಿಚ್ಚಿನ ಸಪ್ಪಳ, ಮತ್ತೆ ತಮ್ಮ.

ಊರಿಗೆ ಬಂದೆವು. ಮರುದಿನ ಅವಳನ್ನು ಅಂಗಡಿಗೆ ಕರೆದು ಮೈಕಿನ ಮುಂದೆ ನಿಲ್ಲಿಸಿದೆ. ಮೊದಲ ಸಲ ಅವಳ ಧ್ವನಿ ಹೊಸ್ತಿಲು ಕೂಡ ದಾಟಲಿಲ್ಲ. “ಜೋರಾಗಿ ಕೂಗವಾ, ಬಳ್ಳೊಳ್ಳಿ ಮಾರಾಕತ್ತೀದಿ, ಬಾಗಿನ ಕೊಡಾಕತ್ತಿಲ್ಲ” ಎಂದು ರೇಗಿದೆ. ಎರಡನೆಯ ಸಲ ಬರ್ರಿ ಅಕ್ಕಾರ ಎಂದವಳು ಅಲ್ಲೇ ನಿಲ್ಲಿಸಿದಳು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು, ಯಾರ ಮೇಲಿನ ಸಿಟ್ಟೋ ಏನೋ, ಗಾಜು ನಡುಗುವ ಹಾಗೆ ಕೂಗಿದಳು. ಅದನ್ನೇ ಹಾಕಿದೆ. ತಮ್ಮನದನ್ನು ಅಳಿಸಿದೆ. ಅಳಿಸುವ ಮೊದಲು, ಒಂದು ಪ್ರತಿ ಇಟ್ಟುಕೊಳ್ಳಲೇ ಎಂದು ಅವಳ ಮುಖ ನೋಡಿದೆ. ಬೇಡ ಎಂದು ತಲೆಯಾಡಿಸಿದಳು.

ಅವತ್ತು ಸಂಜೆ ನಾನು ಅವ್ವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಗಾಡಿ ಓಣಿಗೆ ತಿರುಗಿತು. “ಬರ್ರಿ ಅಕ್ಕಾರ, ಬರ್ರಿ ಅವ್ವಾರ.” ಅವ್ವ ಏಳಲಿಲ್ಲ. ಯಾರದೋ ಗಾಡಿ ಎಂಬಂತೆ ನೋಡಿದಳು. ಗಾಡಿ ನಮ್ಮ ಮುಂದೆಯೇ ನಿಂತಿತು, ಸೊಸೆ ಇಳಿದಳು. ಅವ್ವ ಡಬ್ಬಿಯ ಕಡೆ ಬೆರಳು ಮಾಡಿದಳು.

“ಅದ್ಯಾರ ಧ್ವನಿ?”

“ನಿನ್ನ ಸೊಸಿದು ಅವ್ವಾ” ಎಂದೆ.

“ಮತ್ತ ಅಂವಾ ಎಲ್ಲಿ?”

ಎರಡು ವರ್ಷ ಈ ಪ್ರಶ್ನೆಗೆ ನಾವು ಕಲಿಸಿದ ಸುಳ್ಳೇ ಉತ್ತರವಾಗಿತ್ತು. ಈಗ ನಾನು ಕೊಡಬೇಕಾಯಿತು. “ತೀರಿಕೊಂಡಾನವ್ವಾ” ಎಂದೆ.

ಅವಳು ನನ್ನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಖಾಲಿ ಗಾಡಿಯನ್ನು ನೋಡಿದಳು. “ಯಾವಾಗ?” ಎಂದಳು. ಹೇಳಿದೆ. “ನನಗ್ಯಾರೂ ಹೇಳಲಿಲ್ಲಲ್ಲೋ!” ಎಂದು ಎದೆಗೆ ಬಡಿದುಕೊಂಡಳು. ನಮ್ಮ ಕಡೆ ಹೆಂಗಸರು ಸತ್ತವರನ್ನು ಹಾಡಿಕೊಂಡು ಅಳುತ್ತಾರೆ. ಸತ್ತವನು ಹುಟ್ಟಿದಾಗಿನಿಂದ ಹಿಡಿದು ಅವನು ಉಂಡದ್ದು, ಉಟ್ಟದ್ದು, ಬಿದ್ದದ್ದು, ಎದ್ದದ್ದು ಎಲ್ಲವೂ ಆ ಅಳುವಿನಲ್ಲಿ ಬರುತ್ತವೆ. ಅವ್ವ ಹಾಗೆ ಅತ್ತಳು. ಎಲ್ಲವನ್ನೂ ಮರೆತಿದ್ದಾಳೆ ಎಂದುಕೊಂಡಿದ್ದೆವು. ಅವನಿಗೆ ಹಾಲುಹಲ್ಲು ಬಂದದ್ದು, ಕೆರೆಯಲ್ಲಿ ಮುಳುಗಿ ಬದುಕಿದ್ದು, ಮದುವೆಯಲ್ಲಿ ರುಮಾಲು ಜಾರಿದ್ದು, ಒಂದೂ ಮರೆತಿರಲಿಲ್ಲ. ತಮ್ಮನ ಹೆಂಡತಿ ಓಡಿ ಬಂದು ಅವಳ ಕೊರಳು ತಬ್ಬಿ ಕೂತು ತಾನೂ ದನಿ ಎತ್ತಿದಳು. ಎರಡು ವರ್ಷದ ಅಳು ಅದು. ಡಬ್ಬಿ ಬಂದ್ ಮಾಡಲು ಯಾರಿಗೂ ನೆನಪಾಗಲಿಲ್ಲ. ಕೆಳಗೆ ಅವಳು ಅಳುತ್ತ ಕೂತರೆ ಮೇಲೆ ಅವಳದೇ ಧ್ವನಿ ಲಗೂ ಬರ್ರಿ, ಲಗೂ ಬರ್ರಿ ಎಂದು ಕರೆಯುತ್ತಿತ್ತು. ಚೀಲ ಹಿಡಿದು ಬಂದ ಓಣಿಯ ಹೆಂಗಸರು ಚೀಲ ಕೆಳಗಿಟ್ಟು ಸುತ್ತ ಕೂತರು.

ಮುಗಿಯಿತು ಎಂದುಕೊಂಡೆ. ಎಲ್ಲಿಯ ಮುಗಿಯುವುದು? ಮರುದಿನ ಸಂಜೆ ಅವ್ವ ಮತ್ತೆ, “ಅಂವಾ ಎಲ್ಲಿ?” ಎಂದಳು. ಮತ್ತೆ ಹೇಳಿದೆ. ಮತ್ತೆ ಅದೇ ಆಘಾತ, ಅದೇ ಎದೆ ಬಡಿತ. ಅದರ ಮರುದಿನವೂ ಅದೇ. ದಿನಾ ಒಂದು ಹೆಣ ಮನೆಗೆ ತಂದು ಹಾಕುತ್ತಿದ್ದೇನೆ ಅನಿಸಿತು. ನಾನೇ ತಪ್ಪು ಮಾಡಿದೆನೇನೋ, ಆ ಸುಳ್ಳೇ ಬೆಚ್ಚಗಿತ್ತೇನೋ ಎಂದು ಹೆಂಡತಿಯ ಮುಂದೆ ಕೂತು ಅತ್ತೆ. ಆಗ ತಮ್ಮನ ಹೆಂಡತಿ ಬಂದು, “ನೀವು ಬಿಡ್ರಿ ಭಾವಾರ, ನಾ ಹೇಳ್ತೀನಿ. ನನ್ನ ಗಂಡ ಅವರು” ಎಂದಳು. ಅವಳು ಹೇಳುವ ಬಗೆ ಬೇರೆ. ಗಾಡಿ ನಿಲ್ಲಿಸಿ, ಡಬ್ಬಿ ಬಂದ್ ಮಾಡಿ, ಅತ್ತೆಯ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ಮೆಲ್ಲಗೆ ಹೇಳುತ್ತಿದ್ದಳು. ಇಬ್ಬರೂ ಕೂಡಿ ಅಳುತ್ತಿದ್ದರು. ದಿನ ಕಳೆದ ಹಾಗೆ ಅಳು ಚಿಕ್ಕದಾಗುತ್ತ ಬಂತು. ಅವ್ವನ ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

ಮಳೆಗಾಲದ ಮೊದಲ ಮೋಡ ಕಟ್ಟಿದ್ದ ಒಂದು ಸಂಜೆ. ಗಾಡಿ ಬಂದು ನಿಂತಿತು. ಅವ್ವ ಗೋಡೆ ಹಿಡಿದುಕೊಂಡು ಎದ್ದು ಕಟ್ಟೆ ಇಳಿದು ಗಾಡಿಯ ಹತ್ತಿರ ಹೋದಳು. ಇನ್ನೇನು ಕೇಳುತ್ತಾಳೆ ಎಂದು ನಾನು ಹಿಂದೆಯೇ ಹೋದೆ. ತಮ್ಮನ ಹೆಂಡತಿ ಡಬ್ಬಿ ಬಂದ್ ಮಾಡಿ, ಉತ್ತರ ಹೇಳಲು ತಯಾರಾಗಿ, ಕೈ ಒರೆಸಿಕೊಂಡು ಇಳಿದಳು. ಅವ್ವ ಗಾಡಿಯೊಳಗೆ ನೋಡಲಿಲ್ಲ. ಸೊಸೆಯ ಮುಖವನ್ನೇ ನೋಡಿದಳು. ಗಲ್ಲದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ಬಿಸಲಾಗ ಒಬ್ಬಾಕಿನ ತಿರಗ್ತೀದಿ. ಉಂಡಿ ಏನವಾ?” ಎಂದಳು.

ತಮ್ಮನ ಹೆಂಡತಿ ಗಾಡಿಯ ಕಂಬಿ ಹಿಡಿದುಕೊಂಡಳು. “ಇಲ್ರಿ ಅತ್ತಿ, ಇನ್ನೂ ಉಂಡಿಲ್ಲ” ಎಂದಳು.